ಡೊಳ್ಳಿನ ಪೆಟ್ಟು, ಟೇಪಿನ ಮಿತಿ



ಗಣೇಶೋತ್ಸವ ಬಂತೆಂದರೆ ನಾಸಿಕ್‌ನಲ್ಲಿ ನಿಮ್ಮಲ್ಲಿ ಅನೇಕರು ಸೊಂಟಕ್ಕೆ ಢೋಲ್ ಕಟ್ಟಿಕೊಂಡು ಪಥಕದ ಜೊತೆ ಬೀದಿಗಿಳಿಯುತ್ತೀರಿ. ಒಂದು ಕಡೆ ಅಂಗೈ, ಇನ್ನೊಂದು ಕಡೆ ಕೋಲು. ನಮ್ಮ ಡೊಳ್ಳಿಗೂ ಅದೇ ಕ್ರಮ. ಆಮೇಲೆ ಮೊಬೈಲಿನಲ್ಲಿ ಹಿಡಿದದ್ದನ್ನು ಕೇಳಿ, "ಕಾಕಾ, ಅಲ್ಲಿ ಎದೆ ನಡುಗಿಸಿದ ಸದ್ದು ಇಲ್ಲೇಕೆ ಚಪ್ಪಟೆ?" ಎನ್ನುತ್ತೀರಿ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1996ರ ರಾಜ್ಯೋತ್ಸವಕ್ಕೆ ಶಿವಮೊಗ್ಗ ಜಿಲ್ಲೆಯ ಹಿರಿಯ ಡೊಳ್ಳು ಕಲಾವಿದರೊಬ್ಬರು ಇಲ್ಲಿದ್ದ ಮಗನ ಮನೆಗೆ ಬಂದಿದ್ದರು. ಅವರ ವಾದನವನ್ನು ಧ್ವನಿಮುದ್ರಿಸಲು ನಮಗೆ ಸಿಕ್ಕಿದ್ದು ಒಂದೇ ಸಂಜೆ. ನನ್ನಲ್ಲಿ ಎಂಟು ಟ್ರ್ಯಾಕಿನ ಹಳೆಯ ರೀಲ್ ರೆಕಾರ್ಡರ್ ಇತ್ತು. ಆಗ ಔರಂಗಾಬಾದ್ ಆಗಿದ್ದ ಇಂದಿನ ಛತ್ರಪತಿ ಸಂಭಾಜಿನಗರದಿಂದ ಗೆಳೆಯನೊಬ್ಬ ಎರಡು ಕಂಪ್ರೆಸರ್‌ಗಳನ್ನು ಮನಮಾಡ್ ಮೇಲಿನ ರೈಲಿನಲ್ಲಿ ಹೊತ್ತು ತಂದ. ಕಂಪ್ರೆಸರ್ ಬರುತ್ತದೆ ಎಂದಾಗ ನಮ್ಮ ಮನೆಯವರು, "ಫ್ರಿಜ್ ಚೆನ್ನಾಗೇ ಇದೆಯಲ್ಲ!" ಎಂದರು.

ಇದು ಆ ಕಂಪ್ರೆಸರ್ ಅಲ್ಲ. ಸದ್ದಿನ ಏರಿಳಿತವನ್ನು ಹದ್ದುಬಸ್ತಿನಲ್ಲಿಡುವ ಪೆಟ್ಟಿಗೆ. ನಾವು ಗೊತ್ತುಮಾಡಿದ ಗೆರೆಯನ್ನು ಸದ್ದು 8 ಡೆಸಿಬೆಲ್ ದಾಟಲು ಹೊರಟರೆ, 4:1 ಅನುಪಾತದಲ್ಲಿ ಅದು 2 ಡೆಸಿಬೆಲ್ ಮಾತ್ರ ದಾಟಲು ಬಿಡುತ್ತದೆ. ಟೇಪಿಗೆ ಇದು ಏಕೆ ಬೇಕು? ಮೆಲುದನಿ ತೀರಾ ಕೆಳಗಿಳಿದರೆ ಟೇಪಿನ 'ಹಿಸ್' ಸದ್ದಿನಲ್ಲಿ ಮುಳುಗುತ್ತದೆ; ಪೆಟ್ಟು ತೀರಾ ಮೇಲೇರಿದರೆ ಒಡೆಯುತ್ತದೆ.

ಜೋಡಿಸುವ ಕ್ರಮ ಹೀಗೆ. ಮೈಕಿನ ಸಂಕೇತ ಬಲು ದುರ್ಬಲ. ನೇರವಾಗಿ ಕಂಪ್ರೆಸರ್‌ಗೆ ಕೊಟ್ಟರೆ ಪ್ರಯೋಜನವಿಲ್ಲ. ಮೊದಲು ಮಿಕ್ಸರ್‌ನಲ್ಲಿ ಅದನ್ನು ಹಿಗ್ಗಿಸಬೇಕು. ಆ ಚಾನೆಲ್ಲಿನ 'ಇನ್ಸರ್ಟ್' ಜ್ಯಾಕಿಗೆ ಕವಲು ಕೇಬಲ್ ಹಾಕಿ, ಒಂದು ಕವಲಿನಲ್ಲಿ ಕಂಪ್ರೆಸರ್‌ಗೆ ಕಳುಹಿಸಿ, ಇನ್ನೊಂದರಲ್ಲಿ ಮರಳಿ ಪಡೆದು, ಮಿಕ್ಸರ್‌ನಿಂದ ರೆಕಾರ್ಡರ್‌ಗೆ ಕೊಡಬೇಕು. ಕಂಪ್ರೆಸರ್ ಸುಮಾರು 20 ಮಿಲಿಸೆಕೆಂಡ್ ತಡವಾಗಿ ಹಿಡಿಯುವಂತೆ ಇಟ್ಟರೆ ಕೋಲಿನ ಮೊದಲ 'ಟಕ್' ಹಾಗೇ ಉಳಿದು, ಹಿಂದಿನ ಗುಂಗು ಮಾತ್ರ ತಗ್ಗುತ್ತದೆ.

ಟೇಪಿನಿಂದ ಹೊರಬರುವಾಗಲೂ ಕಂಪ್ರೆಸರ್ ಹಾಕಬಹುದು. ಆದರೆ ಆಗ ಮೆಲುದನಿಯನ್ನು ಮೇಲೆತ್ತಿದಂತೆ ಹಿಸ್ ಕೂಡ ಏಳುತ್ತದೆ. ಒಳಹೋಗುವಾಗ ಹಾಕಿದರೆ ಹಿಸ್ ಕಾಟ ಕಡಿಮೆ, ಆದರೆ ಒಮ್ಮೆ ಒತ್ತಿದ್ದನ್ನು ಮತ್ತೆ ಬಿಡಿಸಲು ಬಾರದು. ಅದಕ್ಕೇ ನಾವು ಡೊಳ್ಳಿನ ಎರಡೂ ಬದಿಯ ಮೈಕುಗಳನ್ನು ಕಂಪ್ರೆಸರ್ ಮೂಲಕ 1 ಮತ್ತು 2ನೇ ಟ್ರ್ಯಾಕಿಗೆ ಕೊಟ್ಟೆವು. ಕೋಣೆಯ ಮೂಲೆಯ ಇನ್ನೆರಡು ಮೈಕುಗಳನ್ನು ಏನೂ ಒತ್ತದೆ 3 ಮತ್ತು 4ಕ್ಕೆ.

ಅಜ್ಜ ನಡುವೆ ಕೋಲು ಬಿಟ್ಟು, ಬೆರಳ ತುದಿಯಲ್ಲಿ ನುಡಿಸುತ್ತ ಬೀರೇಶ್ವರನ ಪದ ಹಾಡಿದರು. ಮುಗಿದೊಡನೆ ಬಿದ್ದ ಪೆಟ್ಟಿಗೆ ಕಿಟಕಿಯ ಗಾಜು ಅದುರಿತು. ಅವರು ಮತ್ತೆ ನಾಸಿಕ್‌ಗೆ ಬರಲಿಲ್ಲ. ಈಗ ಅವರಿಲ್ಲ.

ಅವರನ್ನು ಕಂಡೇ ಇರದ ಮೊಮ್ಮಗ ಈಗ ಪಥಕದಲ್ಲಿ ಢೋಲ್ ಬಾರಿಸುತ್ತಾನೆ. ಕಳೆದ ವರ್ಷ ಅವನಿಗೆ ಆ ಮುದ್ರಣ ಕೇಳಿಸಿದೆ. ಹತ್ತಿರದ ಟ್ರ್ಯಾಕುಗಳು ಬಹಳ ಸ್ಪಷ್ಟ. ಆದರೂ ಹಿಸ್ ತುಂಬಿದ ದೂರದ ಟ್ರ್ಯಾಕುಗಳನ್ನೇ ಅವನು ಮತ್ತೆ ಮತ್ತೆ ಹಾಕಿಸಿಕೊಂಡ. "ಅಜ್ಜ ಇಷ್ಟು ಮೆಲ್ಲಗೂ ಬಾರಿಸ್ತಿದ್ರಾ?" ಎಂದ. ಮೆಲುದನಿಗೂ ಪೆಟ್ಟಿಗೂ ನಡುವಿನ ಅಂತರದಲ್ಲೇ ಅಜ್ಜ ಇದ್ದರು.

ನಿಮ್ಮ ಮೊಬೈಲಿನಲ್ಲಿ ಈ ಒತ್ತುವ ಕೆಲಸ ಸಾಮಾನ್ಯವಾಗಿ ನಿಮ್ಮನ್ನು ಕೇಳದೆಯೇ ನಡೆಯುತ್ತದೆ. ಸದ್ದು ಚಪ್ಪಟೆಯಾಗಲು ಅದೂ ಒಂದು ಕಾರಣ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಸೋಬಾನೆ ಪದವನ್ನೋ, ಊರ ಜಾತ್ರೆಯ ಡೊಳ್ಳನ್ನೋ ಹಿಡಿಯುವುದಾದರೆ, ತಾನಾಗಿ ಮಟ್ಟ ಹೊಂದಿಸುವ ಸೌಲಭ್ಯವನ್ನು ಆರಿಸಲು ಬರುವ ಆ್ಯಪ್ ಬಳಸಿ. ಮಟ್ಟ ತುಸು ಕಡಿಮೆ ಇಡಿ. ಯಾರೂ ಕೈಹಚ್ಚದ ಒಂದು ಪ್ರತಿ ಬೇರೆ ತೆಗೆದಿಡಿ. ತಿದ್ದುವ ಕೆಲಸ ನಾಳೆಯೂ ಆದೀತು. ಅಜ್ಜಿ ಹಾಡುವುದು ಇವತ್ತು.