ಲಕ್ಕಿಯ ಸೊಪ್ಪು, ವಣಿಕನ ಲೆಕ್ಕ

ಹಡಗಲಿ ತಾಲೂಕಿನ ಮಾಗಳದಲ್ಲಿ ತುಂಗಭದ್ರೆಯ ದಡಕ್ಕೆ ಇಳಿದವರಿಗೆ ಲಕ್ಕಿಯ ಪೊದೆ ಅಪರಿಚಿತವಲ್ಲ. ಆಯುರ್ವೇದದ ನಿರ್ಗುಂಡಿಯೇ ಇದು. ಇದರ ಬೇರು ದಡದ ಮಣ್ಣನ್ನು ಹಿಡಿದಿಡುತ್ತದೆ. ತಿಳಿನೀಲಿ ಹೂವು ಜೇನಿಗೆ ಆಹಾರ. ಸೊಪ್ಪು ಹಾಕಿ ಕಾಯಿಸಿದ ನೀರು ಕೀಲುನೋವಿನವರ ಸ್ನಾನಕ್ಕೆ.

ನಮ್ಮ ತಾಯಿಯವರು ಜೋಳವನ್ನು ಬಿಸಿಲಿಗೆ ಹರವಿ, ಹಸನುಮಾಡಿ, ಒಣಗಿದ ಲಕ್ಕಿಸೊಪ್ಪನ್ನು ನಡುನಡುವೆ ಹಾಕಿ ತುಂಬಿಸುತ್ತಿದ್ದರು. ಅದರ ಕಟುಗಂಧ ಹುಳುವನ್ನು ದೂರವಿಡುತ್ತದೆ. ಬಾರದ ಜೀವಿಯನ್ನು ಕೊಲ್ಲುವ ಪ್ರಸಂಗವೂ ಬಾರದು.

ವ್ಯಾಪಾರ ಬೆಳೆದಾಗ ನಾನು ಉಗ್ರಾಣದಲ್ಲಿ ವಿಷದ ಗುಳಿಗೆಗಳನ್ನಿರಿಸಿದೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಸಮಾಧಾನ ತಂದುಕೊಂಡೆ. ಒಂದು ಮುಂಜಾನೆ ಸತ್ತ ಹುಳುಗಳ ರಾಶಿಯನ್ನು ಗುಡಿಸುವಾಗ ಆ ಸಮಾಧಾನ ಉಳಿಯಲಿಲ್ಲ. ಕೊಲ್ಲಲೆಂದೇ ಇಟ್ಟ ವಿಷ ಸಂಕಲ್ಪೀ ಹಿಂಸೆಯಲ್ಲವೆ?

ನೂರಾರು ಚೀಲಗಳಿಗೆ ಸೊಪ್ಪು ಸಾಲದು, ನಿಜ. ಆದರೆ ಅಷ್ಟು ಚೀಲಗಳನ್ನು ತಿಂಗಳುಗಟ್ಟಲೆ ತಡೆದಿರಿಸಿದ್ದು ಯಾರು? ಬೆಲೆ ಏರಲೆಂಬ ನನ್ನ ಲೋಭ! ಪರಿಗ್ರಹವೇ ಹಿಂಸೆಗೆ ಬಾಗಿಲು ತೆರೆದಿತ್ತು. ಅಂದಿನಿಂದ ದಾಸ್ತಾನು ತಗ್ಗಿಸಿದೆ. ಲಾಭವೂ ತಗ್ಗಿತು, ನಿದ್ರೆ ಮರಳಿತು.

ಮನೆಯ ಕಾಳಿಗೆ ಈಗಲೂ ಲಕ್ಕಿಯೇ. ಅದೂ ಏಕೇಂದ್ರಿಯ ಜೀವ. ಆದುದರಿಂದ ಬೇರು ಕೀಳದೆ, ಬೇಕಾದಷ್ಟೇ ಸೊಪ್ಪು ಕೊಯ್ಯೋಣ. ದಡವೂ ಉಳಿದೀತು, ವ್ರತವೂ ಉಳಿದೀತು.