ಏಳೂವರೆಯ ಕೆಲಸ

ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬನ್ನಿ. ಕಂಪ್ಯೂಟರ್ ಲ್ಯಾಬಿನ ನಿಯಮ ಅದು, ಸಂಜೆ ಏಳಾದರೂ ಸಡಿಲವಾಗುವುದಿಲ್ಲ. ಹಾಸನದ ಒಂದು ಕಾಲೇಜು, ಎರಡನೇ ಮಹಡಿ. ಮೂಲೆಯಲ್ಲಿ ಯುಪಿಎಸ್ ಗುಂಯ್ ಎನ್ನುತ್ತಿದೆ. ಸಾಲು ಸಾಲು ಪರದೆಗಳಲ್ಲಿ ಬೆಳಗುತ್ತಿರುವುದು ಒಂದೇ. ಅದರ ಮುಂದೆ ಲ್ಯಾಬ್ ಅಸಿಸ್ಟೆಂಟ್ ಹುಡುಗ; ಬೆನ್ನ ಹಿಂದೆ ಕೈಕಟ್ಟಿ ನಿಂತವರು ಸರ್ವರ್ ನೋಡಿಕೊಳ್ಳುವ ಮೇಡಂ. ನೀವೂ ಒಂದು ಸ್ಟೂಲ್ ಎಳೆದುಕೊಳ್ಳಿ. ಕಪ್ಪು ಪರದೆಯಲ್ಲಿ ಕಾಣುತ್ತಿರುವುದು ಈ ಕೋಣೆಯ ಯಂತ್ರವಲ್ಲ, ಎಲ್ಲೋ ದೂರದ ಬಾಡಿಗೆ ಸರ್ವರ್. ಡೆಬಿಯನ್ 12, ಪಿಎಚ್‌ಪಿ 8.2.

"ಬ್ರೌಸರ್‌ನಲ್ಲಿ ಚೆನ್ನಾಗೇ ಓಡುತ್ತೆ ಮೇಡಂ. ಈಗಲೇ ಓಡಿಸಿ ತೋರಿಸ್ಲಾ?"

"ಬೇಡಪ್ಪಾ, ಎಲ್ಲಾ ಮಕ್ಕಳಿಗೂ ಮೇಲ್ ಹೋಗಿಬಿಡುತ್ತೆ. ಮೊದಲು ನಿನ್ನ ಅಡ್ರೆಸ್ ಒಂದಕ್ಕೇ ಹೋಗೋ ಹಾಗೆ ಮಾಡು."

ಪ್ರೋಗ್ರಾಂ ಚಿಕ್ಕದು. ಲೈಬ್ರರಿಯ ಯಾವ ಪುಸ್ತಕದ ಗಡುವು ನಾಳೆ ಮುಗಿಯುತ್ತದೋ ಅದನ್ನು ಒಯ್ದ ವಿದ್ಯಾರ್ಥಿಗೆ ನೆನಪಿನ ಮೇಲ್ ಕಳಿಸುವುದು, ಅಷ್ಟೇ. ದಿನಾ ಬೆಳಿಗ್ಗೆ ಲೈಬ್ರರಿ ಸರ್ ಒಂದು ಲಿಂಕ್ ತೆರೆದರೆ ಅದು ಓಡುತ್ತದೆ. ಅವರು ರಜೆ ಹಾಕಿದ ದಿನ ಯಾರಿಗೂ ಮೇಲ್ ಇಲ್ಲ, ಆಮೇಲೆ ದಂಡದ ಜಗಳ. ಸೆಮಿಸ್ಟರ್ ಕೊನೆಯಲ್ಲಿ ಇನ್ನೊಂದು ತಾಪತ್ರಯ. ಮೇಲ್‌ಗಳ ಸಂಖ್ಯೆ ಹೆಚ್ಚಿ ಕೆಲಸ ಒಂದು ನಿಮಿಷ ದಾಟಿದರೆ ಮುಂದೆ ನಿಂತ ಎಂಜಿನ್‌ಎಕ್ಸ್ ಕಾದು ಸಾಕಾಗಿ 504 ಎಂದು ಪರದೆಗೆ ಬರೆದು ಕೈತೊಳೆದುಕೊಳ್ಳುತ್ತದೆ. ಹಿಂದೆ ಪಿಎಚ್‌ಪಿ ಓಡುತ್ತಲೇ ಇರುತ್ತದೆ, ಆದರೆ ಅದು ಸರ್‌ಗೆ ಹೇಗೆ ಗೊತ್ತಾಗಬೇಕು? ಅವರು ರಿಫ್ರೆಶ್ ಒತ್ತುತ್ತಾರೆ. ಮಕ್ಕಳಿಗೆ ಎರಡೆರಡು ಮೇಲ್.

ಇವತ್ತು ಆ ಕೆಲಸವನ್ನು ಕ್ರಾನ್‌ಗೆ ಒಪ್ಪಿಸುವುದಿದೆ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಬಂದದ್ದು ಕ್ರಾನ್. ಈ ಡೆಬಿಯನ್‌ನಲ್ಲಿರುವುದು 1987ರಲ್ಲಿ ಪಾಲ್ ವಿಕ್ಸಿ ಬರೆದದ್ದರ ವಂಶದ್ದು. ನಿಮಿಷಕ್ಕೊಮ್ಮೆ ಎದ್ದು, ಪಟ್ಟಿ ನೋಡಿ, ಹೊತ್ತಾದ ಕೆಲಸವನ್ನು ಎಬ್ಬಿಸಿ, ಮತ್ತೆ ಮಲಗುತ್ತದೆ. ಅದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕಿಲ್ಲ, ಬೇಕಾಗಿಯೂ ಇಲ್ಲ.

ಹುಡುಗ ಪಟ್ಟಿ ತೆರೆಯಲು ಕ್ರಾನ್‌ಟ್ಯಾಬ್ ಎಂದು ಟೈಪಿಸಿ ಡ್ಯಾಶ್ ಒತ್ತುತ್ತಾನೆ. "ಬೆರಳು ನೋಡ್ಕೊ," ಎನ್ನುತ್ತಾರೆ ಮೇಡಂ. ಕೀಬೋರ್ಡ್ ಕಡೆ ಬಗ್ಗಿ ನೋಡಿ: ತಿದ್ದುವ ‘ಇ’ ಪಕ್ಕದಲ್ಲೇ ಇಡೀ ಪಟ್ಟಿಯನ್ನು ಅಳಿಸುವ ‘ಆರ್’. ಅಳಿಸಲೇ ಎಂದು ಕೇಳುವ ಸೌಜನ್ಯವೂ ಇಲ್ಲ. ಹುಡುಗ ‘ಇ’ ಒತ್ತಿ, ವೆಬ್ ಸರ್ವರ್‌ನ ಬಳಕೆದಾರನಾದ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಹೆಸರಿನ ಪಟ್ಟಿಯನ್ನೇ ತೆರೆಯುತ್ತಾನೆ. ರೂಟ್ ಹೆಸರಲ್ಲಿ ಓಡಿಸಿದರೆ ಅದು ಹುಟ್ಟಿಸುವ ಫೈಲುಗಳೆಲ್ಲ ರೂಟ್‌ನ ಸ್ವತ್ತಾಗಿ, ಆಮೇಲೆ ವೆಬ್‌ಸೈಟ್‌ಗೇ ಅವುಗಳಲ್ಲಿ ಬರೆಯಲು ಆಗುವುದಿಲ್ಲ.

ಸದ್ಯಕ್ಕೆ ಪರೀಕ್ಷೆ, ಆದ್ದರಿಂದ ಪ್ರತಿ ನಿಮಿಷ: * * * * *. ಅದರ ಮುಂದೆ ಪಿಎಚ್‌ಪಿಯ ಪೂರ್ತಿ ದಾರಿ, ಆಮೇಲೆ ಪ್ರೋಗ್ರಾಮಿನ ಪೂರ್ತಿ ದಾರಿ. ಉಳಿಸಿದ. ಪಕ್ಕದ ಕಿಟಕಿಯಲ್ಲಿ ಸಿಸ್ಟಂ ಲಾಗ್ ಹರಿಯುತ್ತಿದೆ. ಸೆಕೆಂಡು ಐವತ್ತೆಂಟು, ಐವತ್ತೊಂಬತ್ತು. ಒಂದು ಸಾಲು ಬಿತ್ತು: ಇಂಥ ಬಳಕೆದಾರನ ಹೆಸರಲ್ಲಿ ಇಂಥ ಆಜ್ಞೆ ನಡೆಯಿತು. ಹುಡುಗ ಫೋನ್ ನೋಡುತ್ತಾನೆ. ಮೇಲ್ ಇಲ್ಲ. ಅಷ್ಟರಲ್ಲಿ ಲಾಗ್‌ನಲ್ಲಿ ಇನ್ನೊಂದು ಸಾಲು: ಮೇಲ್ ಸಾಗಿಸುವ ವ್ಯವಸ್ಥೆ ಇಲ್ಲಿಲ್ಲ, ಔಟ್‌ಪುಟ್ ಎಸೆಯುತ್ತಿದ್ದೇನೆ.

"ಏನೋ ಹೇಳಿದೆ ಕಣೋ ಅದು. ಕೇಳೋಕೆ ಯಾರೂ ಇರಲಿಲ್ಲ."

ಕ್ರಾನ್ ಓಡಿಸಿದ ಪ್ರೋಗ್ರಾಂ ಏನನ್ನಾದರೂ ಪರದೆಗೆ ಬರೆದರೆ, ಪರದೆ ಇಲ್ಲದ ಕಾರಣ, ಕ್ರಾನ್ ಅದನ್ನು ಆ ಯಂತ್ರದ್ದೇ ಅಂಚೆಯಲ್ಲಿ ಪಟ್ಟಿಯ ಯಜಮಾನನಿಗೆ ಕಳಿಸಲು ನೋಡುತ್ತದೆ. ಇಲ್ಲಿ ಆ ಅಂಚೆಯೇ ಇಲ್ಲ. ಪ್ರೋಗ್ರಾಂ ತನ್ನ ಮೇಲ್‌ಗಳನ್ನು ಕಾಲೇಜಿನ ಮೇಲ್ ಸರ್ವರ್ ಮೂಲಕ ಕಳಿಸುತ್ತದೆ, ಅದು ಬೇರೆ ದಾರಿ. ಹುಡುಗ ಸಾಲಿನ ಕೊನೆಗೆ ಒಂದು ಲಾಗ್ ಫೈಲಿನ ಹೆಸರು ಸೇರಿಸಿ, 2>&1 ಎಂದೂ ಬರೆಯುತ್ತಾನೆ. ಇನ್ನು ಮುಂದೆ ದೋಷದ ಮಾತೂ ಅದೇ ಫೈಲಿಗೆ.

ಮುಂದಿನ ನಿಮಿಷ. ಫೈಲ್ ತೆರೆದರೆ ಕಾರಣ ಅಲ್ಲೇ ಇದೆ: ಕಾನ್ಫಿಗ್ ಫೈಲ್ ಸಿಗಲಿಲ್ಲ.

"ಅಲ್ಲೇ ಇದೆಯಲ್ಲ ಮೇಡಂ!"

"ಎಲ್ಲಿಂದ ನೋಡಿದ್ರೆ ಅಲ್ಲೇ?"

ಪ್ರೋಗ್ರಾಮಿನ ಮೊದಲ ಸಾಲು ನೋಡಿ. ಎರಡು ಚುಕ್ಕಿ, ಓರೆಗೆರೆ, ಕಾನ್ಫಿಗ್: ಅಂದರೆ ‘ಒಂದು ಮೆಟ್ಟಿಲು ಮೇಲೆ’. ಪಕ್ಕದ ಬೀದಿ ಎಂದು ವಿಳಾಸ ಕೊಟ್ಟ ಹಾಗೆ, ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಎಲ್ಲ ನಿಂತಿದೆ. ವೆಬ್ ಸರ್ವರ್ ಮೂಲಕ ಬಂದಾಗ ಪಿಎಚ್‌ಪಿ ಮೊದಲು ಪ್ರೋಗ್ರಾಂ ಇರುವ ಫೋಲ್ಡರ್‌ಗೇ ಹೋಗಿ ನಿಲ್ಲುತ್ತದೆ. ಕಮಾಂಡ್ ಲೈನ್ ಪಿಎಚ್‌ಪಿ ಹಾಗೆ ಮಾಡುವುದಿಲ್ಲ. ಅದನ್ನು ಎಲ್ಲಿ ಎಬ್ಬಿಸಿದರೋ ಅಲ್ಲೇ. ಕ್ರಾನ್ ಎಬ್ಬಿಸುವುದು ಬಳಕೆದಾರನ ಮನೆ ಫೋಲ್ಡರ್‌ನಲ್ಲಿ. ಹುಡುಗ ‘ಡಿರ್’ ಎಂಬ ಸ್ಥಿರಾಂಕ ಹಾಕಿ, ಈ ಫೈಲ್ ಎಲ್ಲಿದೆಯೋ ಅಲ್ಲಿಂದ ಲೆಕ್ಕ ಹಾಕು ಎಂದು ತಿದ್ದುತ್ತಾನೆ.

ಪಿಎಚ್‌ಪಿಗೆ ಈ ಬದುಕು ಹುಟ್ಟಿನಿಂದ ಬಂದದ್ದಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರಗೆ ಬಿಟ್ಟದ್ದು ವೆಬ್ ಪುಟಗಳ ಸಾಧನವನ್ನು. ಕಮಾಂಡ್ ಲೈನ್‌ಗೆಂದೇ ಪ್ರತ್ಯೇಕ ರೂಪ ಸಿಕ್ಕಿದ್ದು 2002ರಲ್ಲಿ. ಅದಕ್ಕೇ ಹಳೆಯ ಪ್ರೋಗ್ರಾಮುಗಳು ಆಚೆ ಕಡೆ ಯಾರೋ ಕೂತು ಪುಟ ನೋಡುತ್ತಿದ್ದಾರೆ ಎಂದೇ ನಂಬಿಕೊಂಡಿರುತ್ತವೆ. ಆ ನಂಬಿಕೆ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದೇ ಈ ಸಂಜೆಯ ಅಸಲಿ ಕೆಲಸ.

ಫೋನ್ ಟಿಣ್ ಎಂದಿತು. ಮೇಲ್ ಬಂತು! ಹುಡುಗ ಕುರ್ಚಿಯಲ್ಲೇ ಅರ್ಧ ಎದ್ದ. ಮೇಡಂ ಫೋನ್ ಇಸಿದುಕೊಂಡು ‘ಅವಧಿ ವಿಸ್ತರಿಸಿ’ ಎಂಬ ಲಿಂಕ್ ಒತ್ತುತ್ತಾರೆ. ಅದು ಎಲ್ಲಿಗೂ ಹೋಗುವುದಿಲ್ಲ. ಲಿಂಕ್‌ನಲ್ಲಿ ಕಾಲೇಜಿನ ಸೈಟಿನ ಹೆಸರೇ ಇಲ್ಲ, ಬರೀ ಓರೆಗೆರೆಗಳು. ಪ್ರೋಗ್ರಾಂ ಆ ಹೆಸರನ್ನು ಪಡೆಯುತ್ತಿದ್ದದ್ದು ಬ್ರೌಸರ್ ಕಳಿಸುವ ಹೋಸ್ಟ್ ಹೆಸರಿನಿಂದ. ಬ್ರೌಸರ್ ಇಲ್ಲ, ಹೆಸರೂ ಇಲ್ಲ. ಲಾಗ್‌ನಲ್ಲಿ ಒಂದು ಎಚ್ಚರಿಕೆ ಬಿದ್ದಿದೆ, ಆದರೆ ಪ್ರೋಗ್ರಾಂ ನಿಂತಿಲ್ಲ. ನನ್ನನ್ನು ಕೇಳಿದರೆ ಇಂಥವೇ ಹೆಚ್ಚು ಅಪಾಯಕಾರಿ. ಮುಗ್ಗರಿಸಿ ಬಿದ್ದ ಪ್ರೋಗ್ರಾಂ ಕಣ್ಣಿಗೆ ಬೀಳುತ್ತದೆ. ಹಾಳು ಲಿಂಕನ್ನು ನೂರಾರು ಜನಕ್ಕೆ ಅಚ್ಚುಕಟ್ಟಾಗಿ ಹಂಚಿ ಮುಗಿಸಿದ್ದು ಬೀಳುವುದಿಲ್ಲ. ಸೈಟಿನ ಹೆಸರು ಕಾನ್ಫಿಗ್ ಫೈಲಿಗೆ ಹೋಯಿತು.

ಈಗ ಹೊತ್ತು. ಹುಡುಗ ‘30 7 * * 1-6’ ಎಂದು ಬರೆಯುತ್ತಾನೆ: ಸೋಮವಾರದಿಂದ ಶನಿವಾರ, ಬೆಳಿಗ್ಗೆ ಏಳೂವರೆ. ಮೇಡಂ ಏನೂ ಅನ್ನದೆ ಸರ್ವರ್‌ನ ಗಡಿಯಾರ ಕೇಳಿಸುತ್ತಾರೆ. ಗೋಡೆಯಲ್ಲಿ ಏಳು ಇಪ್ಪತ್ತು, ಪರದೆಯಲ್ಲಿ 13:50. ಸರ್ವರ್ ಬದುಕುತ್ತಿರುವುದು ಯುಟಿಸಿಯಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಏಳೂವರೆ ಎಂದರೆ ಇಲ್ಲಿ ಮಧ್ಯಾಹ್ನ ಒಂದು, ಮಕ್ಕಳು ಊಟದ ಸಾಲಿನಲ್ಲಿರುವ ಹೊತ್ತು. ಸಾಲು ‘0 2 * * 1-6’ ಆಗುತ್ತದೆ.

"ಬೆಳಗಿನ ಜಾವ ಐದಕ್ಕೇ ಇಟ್ರೆ ಒಳ್ಳೇದಲ್ವಾ ಮೇಡಂ? ಸರ್ವರ್ ಖಾಲಿ ಇರುತ್ತೆ."

"ಐದಕ್ಕೆ ಅಲ್ಲಿ ದಿನಾಂಕ ಎಷ್ಟು?"

ಹುಡುಗ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ಪ್ರೋಗ್ರಾಂ ‘ನಾಳೆ’ ಎಂದು ಹುಡುಕುವುದು ನಮ್ಮ ಇವತ್ತನ್ನು. ವಾರದ ದಿನವೂ ಕೆಡುತ್ತದೆ: ಸೋಮವಾರದ ಜಾವ ಅಲ್ಲಿನ್ನೂ ಭಾನುವಾರ, ಪಟ್ಟಿಯಲ್ಲಿ ಭಾನುವಾರವೇ ಇಲ್ಲ. ವೆಬ್‌ನಲ್ಲಿ ದಿನಾಂಕ ಸರಿಯಿತ್ತಲ್ಲ ಎಂದರೆ, ಡೆಬಿಯನ್‌ನಲ್ಲಿ ವೆಬ್ ಪಿಎಚ್‌ಪಿಗೆ ಒಂದು ಸೆಟ್ಟಿಂಗ್ ಫೈಲ್, ಕಮಾಂಡ್ ಲೈನ್ ಪಿಎಚ್‌ಪಿಗೆ ಬೇರೊಂದು. ಮೊದಲನೆಯದರಲ್ಲಿ ಯಾರೋ ಏಷ್ಯಾ/ಕೋಲ್ಕತಾ ಎಂದು ಬರೆದಿದ್ದಾರೆ. ಎರಡನೆಯದನ್ನು ಯಾರೂ ಮುಟ್ಟಿಲ್ಲ. ಹುಡುಗ ಸಮಯವಲಯವನ್ನು ಪ್ರೋಗ್ರಾಮಿನ ಒಳಗೇ ಬರೆದು ಆ ಗೊಂದಲಕ್ಕೆ ಮಂಗಳ ಹಾಡುತ್ತಾನೆ.

ದಿನಕ್ಕೊಂದು ಲಾಗ್ ಫೈಲ್ ಇರಲಿ ಎಂದು ದಿನಾಂಕ ಸೇರಿಸಲು ಹೋಗಿ % ಹಾಕುತ್ತಾನೆ. ಕ್ರಾನ್ ಪಟ್ಟಿಯಲ್ಲಿ % ಎಂದರೆ ಹೊಸ ಸಾಲು. ಆಜ್ಞೆ ಅಲ್ಲಿಗೇ ತುಂಡಾಗುತ್ತದೆ. ಹಿಂದಕ್ಕೆ ವಾಲಿದ ಗೆರೆಯೊಂದನ್ನು ಅದರ ಮುಂದಿಟ್ಟರೆ ಸರಿ. ಒಂದು ಓಟ ಮುಗಿಯದೆ ಇನ್ನೊಂದು ಶುರುವಾಗದಿರಲೆಂದು ಎಫ್‌ಲಾಕ್ ಎಂಬ ಬೀಗವೂ ಬಂತು. ಕಮಾಂಡ್ ಲೈನ್‌ನಲ್ಲಿ ಪಿಎಚ್‌ಪಿಗೆ ಕಾಲಮಿತಿಯೇ ಇಲ್ಲ, 504 ಎನ್ನಲು ಎಂಜಿನ್‌ಎಕ್ಸ್ ಕೂಡ ನಡುವೆ ಇಲ್ಲ. ಅದು ವರವೇ, ಆದರೆ ಮೇಲ್ ಸರ್ವರ್ ಕೈಕೊಟ್ಟ ದಿನ ಪ್ರೋಗ್ರಾಂ ಕಾಯುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

"ಇಷ್ಟೆಲ್ಲಾ ಯಾಕೆ ಮೇಡಂ, ಕ್ರಾನ್‌ನಿಂದಲೇ ಆ ಲಿಂಕ್ ತೆರೆಸಿದ್ರೆ ಆಗಲ್ವಾ? ವರ್ಡ್‌ಪ್ರೆಸ್ ಹಾಗೇ ಅಲ್ವಾ?"

ವರ್ಡ್‌ಪ್ರೆಸ್ ಹೆಚ್ಚುಕಡಿಮೆ ಹಾಗೆಯೇ. ಯಾರಾದರೂ ಪುಟ ನೋಡಲು ಬಂದಾಗ, ಬಾಕಿ ಕೆಲಸ ಇದೆಯೇ ಎಂದು ನೋಡಿ ಓಡಿಸುತ್ತದೆ. ಎಲ್ಲ ಬಗೆಯ ಬಾಡಿಗೆ ಸರ್ವರ್‌ಗಳಲ್ಲೂ ನಡೆಯಬೇಕಾದ ತಂತ್ರಾಂಶಕ್ಕೆ ಅದು ಜಾಣ ಉಪಾಯ. ಯಾರೂ ಬಾರದ ಸೈಟಿನಲ್ಲಿ ಮಾತ್ರ ಹೊತ್ತಿನ ಕೆಲಸ ಹೊತ್ತಿಗೆ ಆಗುವುದಿಲ್ಲ. ಮೇಡಂಗೆ ಇಲ್ಲಿ ಬೇಡವಾದದ್ದು ಬೇರೆ ಕಾರಣಕ್ಕೆ: ಲಿಂಕ್ ತೆರೆದಿದ್ದರೆ ಯಾರು ಬೇಕಾದರೂ ಒತ್ತಬಹುದು, ಒತ್ತಿದಷ್ಟು ಸಲ ಮೇಲ್. ಹುಡುಗ ಫೈಲನ್ನು ವೆಬ್ ಫೋಲ್ಡರ್‌ನಿಂದ ಹೊರಗೆ ಸಾಗಿಸಿ ಪಟ್ಟಿಯಲ್ಲಿ ದಾರಿ ತಿದ್ದುತ್ತಾನೆ. ಬ್ರೌಸರ್‌ಗೆ ಇನ್ನು ಅದು ಕಾಣದು.

ಲೈಬ್ರರಿ ಬಾಗಿಲು ಹಾಕಿಕೊಂಡು ಸರ್ ಮೇಲೆ ಬಂದರು. ಕೈಯಲ್ಲಿ ಬೀಗದ ಗೊಂಚಲು.

"ಹಾಗಾದ್ರೆ ನಾಳೆಯಿಂದ ನಾನು ಏನೂ ಒತ್ತೋ ಹಾಗಿಲ್ವಾ ಮೇಡಂ?"

"ಏನೂ ಬೇಡ ಸರ್. ಏಳೂವರೆಗೆ ತಾನೇ ಹೋಗುತ್ತೆ."

"ಹೋಯ್ತು ಅಂತ ನನಗೆ ಹೇಗೆ ಗೊತ್ತಾಗೋದು? ಮೊದಲು ಇಷ್ಟು ಮೇಲ್ ಹೋಯ್ತು ಅಂತ ಸ್ಕ್ರೀನ್ ಮೇಲೆ ಬರ್ತಿತ್ತು."

ಹುಡುಗ ಲಾಗ್ ಫೈಲ್ ಕಡೆ ಕೈ ತೋರಿಸಿದ. ಆ ಕಪ್ಪು ಪರದೆಗೆ ಸರ್ ಯಾವತ್ತೂ ಬರುವವರಲ್ಲ ಎಂದು ಮೇಡಂಗೆ ಗೊತ್ತು. ಕುರ್ಚಿ ಎಳೆದುಕೊಂಡು ತಾವೇ ಕೂತರು.

"ಕೊನೆಯಲ್ಲಿ ಇನ್ನೊಂದು ಮೇಲ್ ಹಾಕೋಣ, ಸರ್‌ಗೆ. ಎಷ್ಟು ಹೋಯ್ತು, ಎಷ್ಟು ಕೆಟ್ಟಿತು, ಎರಡೇ ಸಾಲು."

"ಒಂದೂ ಇಲ್ಲದ ದಿನ ಬಿಟ್ಟುಬಿಡ್ಲಾ ಮೇಡಂ?"

"ಸೊನ್ನೆ ಇದ್ರೂ ಕಳಿಸು. ಸರ್, ಭಾನುವಾರ ಬಿಟ್ಟು ಯಾವತ್ತಾದ್ರೂ ಎಂಟು ಗಂಟೆವರೆಗೂ ಮೇಲ್ ಬರಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ."

"ಎಂಟಕ್ಕಾ? ಆಗ ಬಸ್ಸಲ್ಲಿರ್ತೀನಿ. ಪರವಾಗಿಲ್ಲ, ಮಾಡ್ತೀನಿ," ಎಂದು ಸರ್ ಮೇಡಂ ನಂಬರ್ ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದರು.