ನದಿಯ ನೆರಳಿನಲ್ಲಿರುವ ಕೆರೆಗಳು

ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಮಾಕವಳ್ಳಿಯ ಹೆಸರನ್ನೆತ್ತಿದೊಡನೆ ಕೇಳಿದವರು ಹೇಮಾವತಿಯನ್ನು ನೆನೆಯುವರು. ಪಶ್ಚಿಮಘಟ್ಟದಲ್ಲಿ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಗೊರೂರಿನ ಜಲಾಶಯವನ್ನು ತುಂಬಿ, ಮಂದಗೆರೆ ಹೇಮಗಿರಿಗಳ ಅಣೆಕಟ್ಟೆಗಳನ್ನು ಹಾಯ್ದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವ ಈ ನದಿಯೇ ನಮ್ಮ ಅನ್ನದ ಮೂಲ. ಆದರೆ ನದಿಯ ಕೀರ್ತಿಯ ನೆರಳಿನಲ್ಲಿ ಕೆರೆಗಳ ಪಾಡನ್ನು ಕೇಳುವವರು ವಿರಳ.

ನನ್ನ ಬಾಲ್ಯದಲ್ಲಿ ಬೇಸಗೆಯಲ್ಲಿ ಕೆರೆ ಬತ್ತಿತೆಂದರೆ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಗೆ ಆಳವೂ ಆಯಿತು. ನೀರುಗಂಟಿಯು ತೂಬನ್ನು ಕಾಯುವನು. ಅವನಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಧಾನ್ಯ ಸಲ್ಲುವುದು. ನಾಲೆಯೂ ಕೊಳವೆಬಾವಿಯೂ ಬಂದ ಮೇಲೆ ಈ ಪದ್ಧತಿಗಳು ಸಡಿಲವಾದುವು. ಮಳೆನೀರನ್ನು ಕೆರೆಗೆ ತರುವ ಹಳ್ಳಗಳನ್ನು ಎಷ್ಟೋ ಕಡೆ ಉತ್ತು ಬೆಳೆಯಿಟ್ಟರು. ಹಳ್ಳವು ಮುಚ್ಚಿದ ಮೇಲೆ ಎಷ್ಟು ಮಳೆ ಬಂದರೇನು, ಕೆರೆ ತುಂಬುವುದೆಲ್ಲಿ?

ಇದರ ಫಲವನ್ನು 2023ರ ಬರವು ತೋರಿಸಿಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಕೃಷ್ಣರಾಜಸಾಗರವೂ ಆ ವರ್ಷ ತುಂಬಲಿಲ್ಲ. ಮರುಬೇಸಗೆಯಲ್ಲಿ ನಮ್ಮ ತೋಟದ ಕೊಳವೆಬಾವಿಯು ಬತ್ತಿ, ತೆಂಗಿನ ಗರಿಗಳು ಜೋತುಬಿದ್ದುವು. ಅದೇ ವೇಳೆಯಲ್ಲಿ, ಕೆರೆಯನ್ನು ಹೂಳೆತ್ತಿಸಿದ್ದ ನೆರೆಯೂರಿನ ಬಾವಿಗಳಲ್ಲಿ ನೀರಿತ್ತು. ನಾವು ಅಲ್ಲಿಂದಲೇ ಕುಡಿಯುವ ನೀರನ್ನು ತಂದೆವು. ಕೆರೆಯು ಕಣ್ಣಿಗೆ ಕಾಣುವಷ್ಟೇ ನೀರನ್ನು ಹಿಡಿಯುವುದಿಲ್ಲ. ನೆಲದೊಳಕ್ಕೆ ಇಂಗಿಸಿ ಸುತ್ತಲ ಬಾವಿಗಳನ್ನೂ ಸಲಹುವುದೆಂಬ ಮಾತಿಗೆ ಬೇರೆ ಸಾಕ್ಷ್ಯವೇಕೆ?

ಹಿರಿಯರು ಇದನ್ನು ಬಲ್ಲವರಾಗಿದ್ದರು. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯು ಬಂಡೆಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದುದು; ರಾಮಾನುಜಾಚಾರ್ಯರ ಕಾಲದ್ದೆಂದು ಪ್ರತೀತಿ. ಅದರ ತಿಳಿನೀರಿಗೆ ಮೆಚ್ಚಿ ಜನರು ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದೂ ಕರೆದರು. ಇಷ್ಟು ದೊಡ್ಡ ಕೆಲಸಕ್ಕೆ ಅರಸರೇ ಬೇಕೆಂದು ಕೆಲವರು ಹೇಳಬಹುದು. ಅಂತಹವರು ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯಲಿ. ಕುರಿ ಕಾಯುತ್ತಿದ್ದ ಅವರು, ಗುಡ್ಡದ ಪಶುಪಕ್ಷಿಗಳಿಗೆ ನೀರಿಲ್ಲದುದನ್ನು ಕಂಡು, ಕುರಿ ಮಾರಿದ ಹಣದಿಂದಲೂ ತಮ್ಮ ದುಡಿಮೆಯಿಂದಲೂ ಕುಂದೂರು ಬೆಟ್ಟದಲ್ಲಿ ಕಟ್ಟೆಯ ಮೇಲೆ ಕಟ್ಟೆ ತೋಡಿಸಿದರು. 2022ರಲ್ಲಿ ಅವರು ತೀರಿಕೊಂಡರು, ಕಟ್ಟೆಗಳು ಉಳಿದಿವೆ.

ನದಿಯನ್ನು ಕಾಪಾಡಲು ಸರಕಾರವೂ ನೆರೆರಾಜ್ಯಗಳ ಒಪ್ಪಂದಗಳೂ ಬೇಕು. ಊರ ಕೆರೆಗೆ ಊರವರೇ ಸಾಕು. ಮುಂಗಾರಿಗೆ ಮುನ್ನ ಪ್ರತಿಯೊಂದು ಗ್ರಾಮದವರೂ ತಮ್ಮ ಕೆರೆಯ ಹಳ್ಳದ ಉದ್ದಕ್ಕೂ ಒಮ್ಮೆ ನಡೆದು, ಅದು ಎಲ್ಲಿ ಮುಚ್ಚಿದೆ, ಎಲ್ಲಿ ಒತ್ತುವರಿಯಾಗಿದೆ ಎಂಬುದನ್ನು ಗ್ರಾಮಸಭೆಯ ಮುಂದಿಡಲಿ. ಉಳಿದ ಕೆಲಸವು ಅಲ್ಲಿಂದ ಮೊದಲಾಗುವುದು.